ಮಡಿಕೇರಿಯ ಆ ತಾರಸಿ ಬಾರಿಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಸುಂಟಿಕೊಪ್ಪದ ಮನೆಮಗಳು

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸುಂಟಿಕೊಪ್ಪದ ಕಡೆಯವಳು, ಮದುವೆಯಾದ ಮೇಲೆ ಮೈಸೂರಿನಲ್ಲಿ ನೆಲೆಸಿದ್ದೇನೆ. ಈ ಸಲ ಸುಗ್ಗಿಯ ಹಬ್ಬ ಹುತ್ತರಿ ಮುಗಿದ ಮರುವಾರ ಊರಿಗೆ ಬರುತ್ತಿದ್ದೇನೆ. ಚಿಕ್ಕಪ್ಪನ ಮಕ್ಕಳಿಬ್ಬರೂ ಅದೇ ಹೊತ್ತಿಗೆ ಹೊರದೇಶದಿಂದ ಬರುತ್ತಾರೆ. ಒಂದು ಸಂಜೆ ಎಲ್ಲರೂ ಮಡಿಕೇರಿಗೆ ಹೋಗಿ ಹೊರಗೆ ಊಟ ಮಾಡೋಣವೆಂದು ಮಾತಾಡಿಕೊಂಡಿದ್ದೇವೆ. ಊರಿನಲ್ಲಿ ಈಗ ಎಲ್ಲರ ಬಾಯಲ್ಲೂ ಇರುವ ಹೋಟೆಲ್ ಯಾವುದೆಂದು ಇಲ್ಲಿನವರಿಗೆ ಗೊತ್ತೇ ಇದೆ, ಆದ್ದರಿಂದ ಹೆಸರು ಬರೆಯುವುದಿಲ್ಲ. ಮನೆಗಳ ನಡುವಿನ ಏರು ರಸ್ತೆಯಲ್ಲಿದೆ. ಕೆಳಗಿನ ಅಂತಸ್ತಿನಲ್ಲಿ ಊಟದ ಕೋಣೆ, ಮೇಲೆ ತಾರಸಿಯಲ್ಲಿ ಬಾರ್.

ನನ್ನ ಚಿಂತೆ ಅಮ್ಮನದು ಮತ್ತು ದೊಡ್ಡಪ್ಪನದು. ಅಮ್ಮನಿಗೆ 68 ವರ್ಷ, ಮಂಡಿ ನೋವಿದೆ. ದೊಡ್ಡಪ್ಪ ಮನೆಯ ಹಬ್ಬಗಳಲ್ಲಿ ಒಂದು ಲೋಟ ತೆಗೆದುಕೊಳ್ಳುವವರೇ ಆದರೂ ಬಾರ್ ಎಂಬ ಫಲಕ ಇರುವ ಕಟ್ಟಡಕ್ಕೆ ಹೆಂಗಸರನ್ನು ಕರೆದುಕೊಂಡು ಹೋಗುವುದನ್ನು ಇಂದಿಗೂ ಒಪ್ಪುವುದಿಲ್ಲ. ಅಲ್ಲಿನ ವಾತಾವರಣ ಹೇಗಿದೆ, ಯಾವ ದಿನ ಯಾವ ಹೊತ್ತಿಗೆ ಹೋದರೆ ಒಳ್ಳೆಯದು, ಏನು ತಿನ್ನಬೇಕು, ರಾತ್ರಿ ತಿರುಗಿ ಸುಂಟಿಕೊಪ್ಪ ಸೇರುವುದು ಹೇಗೆ ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಿ.

ವಿರಾಜಪೇಟೆಯ ಬೆಳೆಗಾರ

ತಂಗಿ, ಧೈರ್ಯವಾಗಿ ಕರೆದುಕೊಂಡು ಹೋಗು. ಆದರೆ ನನ್ನ ಮಾತು ಕೇಳುವುದಾದರೆ ಕ್ರಮವನ್ನು ತಿರುಗಿಸು. ಎಲ್ಲರೂ ನೇರವಾಗಿ ತಾರಸಿಗೆ ಹತ್ತಿ, ಕುಡಿದು, ಚಳಿಯಾದ ಮೇಲೆ ಹಸಿವೆಯಾಯಿತೆಂದು ಒಂಬತ್ತೂವರೆಗೆ ಕೆಳಗಿಳಿಯುತ್ತಾರೆ. ಆ ಹೊತ್ತಿಗೆ ಕಡಂಬುಟ್ಟು (ಆವಿಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ) ಮುಗಿದಿರುತ್ತದೆ, ಇಲ್ಲವೇ ಎರಡನೆಯ ಬಾರಿ ಆವಿಗಿಟ್ಟು ಗಟ್ಟಿಯಾಗಿರುತ್ತದೆ. ನೀವು ಐದೂವರೆಗೆ ಹೋಗಿ, ಬೆಳಕಿರುವಾಗಲೇ ಅರ್ಧ ಗಂಟೆ ಮೇಲೆ ಕುಳಿತು, ಸೂರ್ಯ ಮುಳುಗಿದ ಮೇಲೆ ಕೆಳಗೆ ಬಂದು ಊಟಕ್ಕೆ ಕೂರಿ.

ನಾನು ಆ ಹೋಟೆಲಿಗೆ ಹೋಗಲಾರಂಭಿಸಿದ್ದು ತಾರಸಿಗಾಗಿ ಅಲ್ಲ, ಆಗ ತಾರಸಿಯಲ್ಲಿ ಬಾರ್ ಇರಲೂ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ರಸ್ತೆಗಳು ಕಡಿದುಹೋದ ಮೇಲೆ ತಿಂಗಳುಗಟ್ಟಲೆ ಮಡಿಕೇರಿಯ ಕಡೆಗೆ ಪ್ರವಾಸಿಗರು ತಲೆ ಹಾಕಲಿಲ್ಲ. ಅನೇಕ ಹೋಟೆಲುಗಳು ಬಾಗಿಲು ಹಾಕಿದ್ದವು. ಆಗ ಅಲ್ಲಿ ಉಂಡವರೆಲ್ಲ ಊರಿನವರೇ: ಕಚೇರಿಯ ನೌಕರರು, ಶುಕ್ರವಾರದ ಸಂತೆಗೆ ಬಂದವರು, ಆಸ್ಪತ್ರೆಯಲ್ಲಿ ತಮ್ಮವರನ್ನು ಬಿಟ್ಟು ಒಂದು ಊಟಕ್ಕೆ ಓಡಿಬಂದವರು. ಊರಿನವರ ನಾಲಿಗೆಗೆ ಅಡುಗೆ ಮಾಡಿ ಉಳಿದ ಹೋಟೆಲ್ ಅದು. ಆದ್ದರಿಂದಲೇ ಇಂದಿಗೂ ಕೆಳಗಿನ ಕೋಣೆಯ ಊಟ ಗಟ್ಟಿಯಾಗಿದೆ. ತಾರಸಿಯ ತಟ್ಟೆಗಳಲ್ಲಿ ಬರುವುದು ಎಲ್ಲ ಊರುಗಳಲ್ಲೂ ಸಿಗುವ ಕರಿದ ತಿಂಡಿಗಳು. ಅದಕ್ಕಾಗಿ ಮೈಸೂರಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ಬರಬೇಕಾಗಿಲ್ಲ.

ನೋಟ ಮಾತ್ರ ಅಪರೂಪದ್ದು ಎಂಬುದನ್ನು ಒಪ್ಪುತ್ತೇನೆ. ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಡಿಸೆಂಬರಿನ ಸಂಜೆ ಪಡುವಣದ ಬೆಟ್ಟಗಳು ಒಂದರ ಹಿಂದೊಂದು ನೀಲಿಯಾಗುತ್ತಾ ಹೋಗುವುದು ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತದೆ. ರಾಜಾಸೀಟಿನಲ್ಲಿ ಅದೇ ಸೂರ್ಯಾಸ್ತವನ್ನು ಜನಜಂಗುಳಿಯ ನಡುವೆ ನಿಂತು ನೋಡಬೇಕು, ಇಲ್ಲಿ ಕುಳಿತು ನೋಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಮತ್ತು ಮಳೆಯ ಹೊರತು ಏನೂ ಕಾಣುವುದಿಲ್ಲ. ಆಗ ತಾರಸಿಗೆ ತಗಡಿನ ಮಾಡು ಹಾಕಿರುತ್ತಾರೆ, ಮಾತಾಡಿದರೆ ಕೇಳಿಸುವುದಿಲ್ಲ.

ಸೋಮವಾರಪೇಟೆಯ ನಿವೃತ್ತ ಶಿಕ್ಷಕ

ದೊಡ್ಡಪ್ಪನವರ ಹಿಂಜರಿಕೆಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ಹಬ್ಬ, ಮದುವೆ, ತಿಥಿಗಳಲ್ಲಿ ಮದ್ಯಕ್ಕೆ ಒಂದು ಸ್ಥಾನವಿದೆ. ಆದರೆ ಅದು ಹಿರಿಯರ ಕಣ್ಣೆದುರಿನಲ್ಲಿ, ಊಟದ ಜೊತೆಗೆ, ಮನೆಯ ಮರ್ಯಾದೆಯೊಳಗೆ ನಡೆಯುವಂಥದ್ದು. ಪೇಟೆಯ ಬಾರ್ ಎಂದರೆ ನಮ್ಮ ತಲೆಮಾರಿಗೆ ನೆನಪಾಗುವುದು ಮಬ್ಬು ದೀಪ, ಅರ್ಧ ಬಾಗಿಲು, ಸಂಬಳದ ದಿನ ಮನೆಗೆ ಬಾರದ ಗಂಡಸರು. ಅವರು ಅದನ್ನು ನೋಡಿದ್ದಾರೆ, ಅದಕ್ಕಾಗಿ ಬೇಡವೆನ್ನುತ್ತಾರೆ.

ನಾನು ಕಳೆದ ವರ್ಷ ಸೊಸೆ ಮತ್ತು ಮೊಮ್ಮಗಳೊಂದಿಗೆ ಅದೇ ಹೋಟೆಲಿಗೆ ಹೋಗಿದ್ದೆ. ಕೆಳಗಿನ ಕೋಣೆಗೆ ಬೇರೆಯೇ ಬಾಗಿಲು ಇದೆ, ಬಾರಿನ ಮೂಲಕ ಹಾದುಹೋಗಬೇಕಾಗಿಲ್ಲ. ಅಕ್ಕಪಕ್ಕದ ಮೇಜುಗಳಲ್ಲಿ ಮಕ್ಕಳಿದ್ದ ಕುಟುಂಬಗಳೇ ಇದ್ದವು. ನಿಮ್ಮ ದೊಡ್ಡಪ್ಪನವರಿಗೆ ಈ ಬಾಗಿಲಿನ ವಿಷಯವನ್ನು ಮೊದಲೇ ಹೇಳಿ. ತಾರಸಿಗೆ ಹೋಗುವುದೂ ಬಿಡುವುದೂ ಅವರ ಇಚ್ಛೆಗಿರಲಿ.

ಅದೇ ಬೀದಿಯ ನಿವಾಸಿ

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಊಟದ ಬಗ್ಗೆ, ನೋಟದ ಬಗ್ಗೆ ಬಂದ ಮಾತುಗಳೆಲ್ಲ ನಿಜ. ಆದರೆ ಆ ತಾರಸಿಯ ಎದುರಿಗೇ ನಮ್ಮ ಮನೆ ಇದೆ ಎಂಬ ಕಾರಣಕ್ಕೆ ಇನ್ನೊಂದು ವಿಷಯವನ್ನು ನಿಮ್ಮೆಲ್ಲರ ಮುಂದಿಡಬೇಕಾಗಿದೆ.

ನಮ್ಮ ಊರಿನ ಮನೆಗಳು ಇಳಿಜಾರಿನಲ್ಲಿವೆ. ಕೆಳಗಿನ ಕಟ್ಟಡದ ತಾರಸಿ ಎಂದರೆ ಮೇಲಿನ ಮನೆಯ ಮಲಗುವ ಕೋಣೆಯ ಕಿಟಕಿಯ ಮಟ್ಟ. ನಡುವೆ ಒಂದು ರಸ್ತೆ ಮತ್ತು ಎರಡು ಸಿಲ್ವರ್ ಓಕ್ ಮರಗಳು ಬಿಟ್ಟರೆ ಬೇರೇನೂ ಇಲ್ಲ. ಬಯಲು ಸೀಮೆಯಲ್ಲಿ ತಾರಸಿಯ ಶಬ್ದ ಆಕಾಶಕ್ಕೆ ಹೋಗಬಹುದು. ಇಲ್ಲಿ ಚಳಿಗಾಲದ ನಿಶ್ಚಲ ರಾತ್ರಿಗಳಲ್ಲಿ ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಣ್ಣಗಿರುವುದರಿಂದ ಶಬ್ದ ಮೇಲೆ ಚದುರದೆ ಮತ್ತೆ ಕೆಳಕ್ಕೆ ಬಾಗಿ ಕಣಿವೆಯುದ್ದಕ್ಕೂ ಹರಿಯುತ್ತದೆ. ನನ್ನ ಅತ್ತೆಯವರಿಗೆ 81 ವರ್ಷ. ಶನಿವಾರ ರಾತ್ರಿ ಅವರು ನಿದ್ರೆ ಮಾಡಲಾಗದೆ ಹಜಾರದಲ್ಲಿ ಕುಳಿತಿರುತ್ತಾರೆ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಕೋಣೆಯೊಳಗಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ. ತಾರಸಿ ಮುಚ್ಚಿದ ಕೋಣೆಯಲ್ಲ. ನಾವು ಎರಡು ಸಲ ಹೋಗಿ ವಿನಯದಿಂದಲೇ ಕೇಳಿಕೊಂಡಿದ್ದೇವೆ. ಕೆಲವು ವಾರ ಸರಿಹೋಗುತ್ತದೆ, ಪ್ರವಾಸಿಗರ ದಟ್ಟಣೆ ಬಂದಾಗ ಮತ್ತೆ ಮೊದಲಿನಂತಾಗುತ್ತದೆ. ನಮ್ಮದೇ ಊರಿನ ಹುಡುಗರು ಕಟ್ಟಿದ ಉದ್ಯಮವಾದ್ದರಿಂದ ದೂರು ಕೊಡಲು ಮನಸ್ಸು ಬರುವುದಿಲ್ಲ. ನೀವು ಹೋಗಿ, ಚೆನ್ನಾಗಿ ಉಣ್ಣಿ. ಹಾಡಿನ ಸದ್ದು ಜೋರಾಗಿದೆ ಎನಿಸಿದರೆ ಗಿರಾಕಿಯಾಗಿ ನೀವೇ ಒಂದು ಮಾತು ಹೇಳಿ. ನೆರೆಯವರ ಮಾತಿಗಿಂತ ದುಡ್ಡು ಕೊಡುವವರ ಮಾತು ಬೇಗ ಮುಟ್ಟುತ್ತದೆ.

ವಿರಾಜಪೇಟೆಯ ಬೆಳೆಗಾರ

ಅಕ್ಕ, ನಾನು ಇಷ್ಟು ಸಲ ಅಲ್ಲಿ ಕುಳಿತಿದ್ದರೂ ಎದುರಿನ ಕಿಟಕಿಯ ಹಿಂದೆ ಯಾರಿದ್ದಾರೆಂದು ಯೋಚಿಸಿರಲಿಲ್ಲ. ಮುಂದಿನ ಸಲ ಖಂಡಿತ ಹೇಳುತ್ತೇನೆ.

ಕುಶಾಲನಗರದಿಂದ ಒಬ್ಬರು

ನೆರೆಯವರ ಕಷ್ಟ ಅರ್ಥವಾಗುತ್ತದೆ. ಆದರೆ ಸಂಗೀತವನ್ನು ಪೂರ್ತಿ ನಿಲ್ಲಿಸಿದರೆ ವಾರಾಂತ್ಯದ ವ್ಯಾಪಾರ ಬೇರೆಡೆಗೆ ಹೋಗುತ್ತದೆ. ಮಳೆಗಾಲದ ನಾಲ್ಕು ತಿಂಗಳ ನಷ್ಟವನ್ನು ಅವರು ಈ ನಾಲ್ಕೈದು ತಿಂಗಳುಗಳಲ್ಲಿ ತುಂಬಿಕೊಳ್ಳಬೇಕು. ನಾನು ಸಣ್ಣ ಲಾಡ್ಜ್ ನಡೆಸುತ್ತಿದ್ದವನು, ಜುಲೈ ತಿಂಗಳ ಖಾಲಿ ಕೋಣೆಗಳನ್ನು ನೋಡಿದ್ದೇನೆ. ಹತ್ತು ಗಂಟೆಯ ನಿಯಮ ಪಾಲಿಸಿದರೆ ಸಾಕು, ಅದಕ್ಕಿಂತ ಮೊದಲು ಹಾಡು ಬೇಡವೆನ್ನುವುದು ಸರಿಯಲ್ಲ.

ಅದೇ ಬೀದಿಯ ನಿವಾಸಿ

ಹಾಡು ಬೇಡವೆಂದು ನಾನು ಹೇಳಲಿಲ್ಲ ಅಣ್ಣ. ಧ್ವನಿವರ್ಧಕದ ಪೆಟ್ಟಿಗೆಗಳನ್ನು ರಸ್ತೆಯ ಕಡೆಗೆ ತಿರುಗಿಸದೆ ಒಳಗೋಡೆಯ ಕಡೆಗೆ ತಿರುಗಿಸಿದರೂ ನಮಗೆ ಅರ್ಧ ಸಮಾಧಾನ. ಇದಕ್ಕೆ ಖರ್ಚಿಲ್ಲ.

ಹಿಂದೆ ಸಪ್ಲೈಯರ್ ಆಗಿದ್ದವನು

ನಾನು ಮಡಿಕೇರಿ ಮತ್ತು ಮೈಸೂರಿನ ಎರಡು ಮೂರು ಹೋಟೆಲುಗಳಲ್ಲಿ ಆರು ವರ್ಷ ಸಪ್ಲೈಯರ್ ಆಗಿದ್ದೆ, ಈಗ ಬೇರೆ ಕೆಲಸದಲ್ಲಿದ್ದೇನೆ. ಕೆಲವು ಒಳಗಿನ ವಿಷಯಗಳನ್ನು ಹೇಳುತ್ತೇನೆ.

ಬಿಲ್ ಎರಡು ಬರುತ್ತದೆ, ಗಾಬರಿಯಾಗಬೇಡಿ. ಊಟಕ್ಕೆ 5 ಶೇಕಡಾ ಜಿಎಸ್‌ಟಿ ಇರುತ್ತದೆ, ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ಅದರ ಬಿಲ್ಲೇ ಬೇರೆ. ಸರ್ವೀಸ್ ಚಾರ್ಜ್ ಎಂದು ತಾವಾಗಿಯೇ ಸೇರಿಸಿದ್ದರೆ ತೆಗೆಯಲು ಹೇಳುವ ಹಕ್ಕು ನಿಮಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಈ ಕುರಿತು ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ನಿಮಗೆ ಬಡಿಸಿದ ಹುಡುಗನ ಕೈಗೆ ನೇರವಾಗಿ ಏನಾದರೂ ಕೊಡಿ. ತಾರಸಿಯ ಸಪ್ಲೈಯರ್ ಒಂದು ಸಂಜೆಗೆ ಆ ಮೆಟ್ಟಿಲುಗಳನ್ನು ಎಷ್ಟು ಸಲ ಹತ್ತಿಳಿಯುತ್ತಾನೆ ಎಂಬುದನ್ನು ನನ್ನ ಮೊಣಕಾಲುಗಳು ಇನ್ನೂ ಮರೆತಿಲ್ಲ.

ಎರಡನೆಯ ವಿಷಯ ಇನ್ನೂ ಮುಖ್ಯ. ಯಾವ ತಾರಸಿಗೆ ಹೋದರೂ ಕುಳಿತುಕೊಳ್ಳುವ ಮೊದಲು ಇಳಿಯುವ ದಾರಿ ಎಷ್ಟಿದೆ ಎಂದು ನೋಡಿಕೊಳ್ಳಿ. 2017ರ ಡಿಸೆಂಬರ್ 29ರಂದು ಮುಂಬೈಯ ಕಮಲಾ ಮಿಲ್ಸ್ ಆವರಣದ ತಾರಸಿ ಹೋಟೆಲಿನಲ್ಲಿ ಬೆಂಕಿ ಬಿದ್ದಾಗ 14 ಜನ ಸತ್ತರು. ಅವರಲ್ಲಿ ಅನೇಕರು ಇಳಿಯುವ ದಾರಿ ಕಾಣದೆ ಶೌಚಾಲಯದೊಳಗೆ ಸೇರಿಕೊಂಡು ಹೊಗೆಯಿಂದ ಉಸಿರುಗಟ್ಟಿದವರು. ನಮ್ಮಲ್ಲಿ ಚಳಿಗೆ ತಾರಸಿಯ ಮೇಲೆ ಬೆಂಕಿಯ ಒಲೆಗಳನ್ನಿಡುತ್ತಾರೆ, ಮಳೆಗೆ ಪ್ಲಾಸ್ಟಿಕ್ ಪರದೆ ಇಳಿಬಿಡುತ್ತಾರೆ. ಇವೆರಡೂ ಹತ್ತಿರ ಹತ್ತಿರ ಇದ್ದರೆ ಆ ಮೇಜು ಬೇಡವೆನ್ನಿ. ನೀವು ಹೇಳುತ್ತಿರುವ ಹೋಟೆಲಿನಲ್ಲಿ ಹಿಂಬದಿಯಲ್ಲಿ ಕಬ್ಬಿಣದ ಇನ್ನೊಂದು ಮೆಟ್ಟಿಲಿದೆ. ನಾನು ಹೋದಾಗ ಅದರ ಮೇಲೆ ಖಾಲಿ ಬಾಟಲಿಗಳ ಕ್ರೇಟುಗಳನ್ನು ಪೇರಿಸಿದ್ದರು. ಹೇಳಿದ ಕೂಡಲೇ ತೆಗೆದರು, ಆದರೆ ಹೇಳಬೇಕಾಯಿತು.

ಮೂರ್ನಾಡಿನ ಅಡುಗೆಯವಳು

ಏನು ತಿನ್ನಬೇಕೆಂದು ಕೇಳಿದ್ದಕ್ಕೆ ಯಾರೂ ಸರಿಯಾಗಿ ಉತ್ತರಿಸಿಲ್ಲ. ನಾನು ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುವವಳು, ಆ ಹೋಟೆಲಿನ ಅಡುಗೆಯನ್ನು ಮೂರು ಸಲ ಉಂಡು ನೋಡಿದ್ದೇನೆ.

ಹಂದಿ ಮಾಂಸದ ಪಂದಿ ಕರಿಯನ್ನು ತರಿಸಿದಾಗ ಮೊದಲು ಬಣ್ಣ ನೋಡಿ, ಆಮೇಲೆ ವಾಸನೆ. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಮೆಂತ್ಯವನ್ನು ಕಪ್ಪಾಗುವ ಅಂಚಿನವರೆಗೆ ಹುರಿದು ಪುಡಿ ಮಾಡಿದ್ದರೆ ಮಾತ್ರ ಆ ಗಾಢ ಬಣ್ಣ ಬರುತ್ತದೆ. ಹುಳಿ ಕಾಚಂಪುಳಿಯದ್ದೇ ಆಗಿರಬೇಕು. ಮಳೆಗಾಲದಲ್ಲಿ ಬಿದ್ದ ಪುಳಿಯ ಹಣ್ಣುಗಳನ್ನು ಆರಿಸಿ, ರಸ ತೊಟ್ಟಿಕ್ಕಲು ಬಿಟ್ಟು, ಆ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪು ಪಾಕದಂತೆ ಮಾಡಿದ್ದು ಕಾಚಂಪುಳಿ. ಅದನ್ನು ಕೊನೆಯಲ್ಲಿ ಒಂದಿಷ್ಟೇ ಹಾಕುತ್ತಾರೆ. ಮಾಂಸದ ಕೊಬ್ಬನ್ನು ಅದು ಕತ್ತರಿಸಿದಂತೆ ಹಗುರ ಮಾಡುತ್ತದೆ. ಅದರ ಬದಲು ಅಂಗಡಿಯ ವಿನೆಗರ್ ಸುರಿದಿದ್ದರೆ ಹುಳಿ ಗಂಟಲಿಗೆ ಹಿಡಿಯುತ್ತದೆ, ಕರಿ ತಣ್ಣಗಾದಂತೆ ರುಚಿ ಕೆಡುತ್ತದೆ. ಈ ಹೋಟೆಲಿನಲ್ಲಿ ನಿಜವಾದ ಕಾಚಂಪುಳಿಯನ್ನೇ ಹಾಕುತ್ತಾರೆ, ಅದನ್ನು ಮೂರು ಸಲವೂ ಕಂಡೆ. ಚರ್ಮ ಮತ್ತು ಕೊಬ್ಬಿನ ತುಂಡುಗಳನ್ನು ತೆಗೆದು ಹಾಕಿ ಪ್ರವಾಸಿಗರಿಗೆ ಬರೀ ಮಾಂಸ ಕೊಡುವ ರೂಢಿ ಈಚೆಗೆ ಬಂದಿದೆ. ನೀವು ಮನೆಯ ಹಾಗೆ ಬೇಕೆಂದು ಹೇಳಿ ತರಿಸಿಕೊಳ್ಳಿ.

ಅದರ ಜೊತೆಗೆ ಕಡಂಬುಟ್ಟು. ಕೋಳಿ ಕರಿ ತರಿಸಿದರೆ ನೂಪುಟ್ಟು, ಅಂದರೆ ಅಕ್ಕಿ ಶ್ಯಾವಿಗೆ. ಅಕ್ಕಿ ಒಟ್ಟಿಯನ್ನು (ಅಕ್ಕಿ ರೊಟ್ಟಿ) ಕೆಂಡದ ಮೇಲೆ ಉಬ್ಬಿಸಿ ಕೊಟ್ಟರೆ ಮಾತ್ರ ತೆಗೆದುಕೊಳ್ಳಿ, ಬರೀ ಕಾವಲಿಯಲ್ಲಿ ಬೇಯಿಸಿದ್ದು ಆರಿದ ಕೂಡಲೇ ರಬ್ಬರಿನಂತಾಗುತ್ತದೆ. ಅಮ್ಮನವರಿಗೆ ಮಾಂಸ ಹೆಚ್ಚು ಆಗದಿದ್ದರೆ ಅಕ್ಕಿ ತರಿಯನ್ನು ಆವಿಯಲ್ಲಿ ಬೇಯಿಸಿದ ಪಾಪುಟ್ಟು ಮತ್ತು ತರಕಾರಿ ಪಲ್ಯ ಸಾಕು. ಡಿಸೆಂಬರಿನಲ್ಲಿ ಬೈಂಬಳೆ (ಕಳಲೆ, ಅಂದರೆ ಎಳೆ ಬಿದಿರು) ಎಂದು ಪಟ್ಟಿಯಲ್ಲಿದ್ದರೆ ಅದು ಉಪ್ಪುನೀರಿನಲ್ಲಿ ಇಟ್ಟದ್ದು ಎಂದು ತಿಳಿಯಿರಿ, ಏಕೆಂದರೆ ಹಸಿ ಕಳಲೆ ಸಿಗುವುದು ಮಳೆಗಾಲದಲ್ಲಿ. ಹಸಿಯದ್ದನ್ನು ದಿನವೂ ನೀರು ಬದಲಿಸಿ ನೆನೆಸಿಟ್ಟ ಮೇಲೆಯೇ ಬೇಯಿಸಬೇಕು, ಅದರ ಕಹಿಯ ಜೊತೆಗೆ ವಿಷದ ಅಂಶವೂ ಹೋಗುವುದು ಹಾಗೆಯೇ. ಕಾಡಿನ ಅಣಬೆಯ ಕುಮ್ಮು ಕರಿಯೂ ಮಳೆಗಾಲದ್ದೇ. ಈಗ ಬಡಿಸುವುದು ಬೆಳೆಸಿದ ಅಣಬೆ. ಅದು ಕೆಟ್ಟದ್ದೆಂದಲ್ಲ, ಆದರೆ ಕಾಡಿನ ಕುಮ್ಮಿನ ಬೆಲೆ ಕೊಡಬೇಡಿ.

ಊಟವಾದ ಮೇಲೆ ಕಾಫಿ ಕುಡಿಯದೆ ಏಳಬೇಡಿ. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕುಳಿತು ಇನ್‌ಸ್ಟಂಟ್ ಕಾಫಿಯ ಸ್ಯಾಚೆಟ್ ಕೊಡುವ ಹೋಟೆಲುಗಳಿವೆ, ನೋವಾಗುತ್ತದೆ. ಇಲ್ಲಿ ಫಿಲ್ಟರಿನಲ್ಲಿ ಇಳಿಸಿದ್ದೇ ಕೊಡುತ್ತಾರೆ.

ಜೀಪು ಓಡಿಸುವವನು

ರಾತ್ರಿ ತಿರುಗಿ ಹೋಗುವ ವಿಷಯ. ಕುಡಿದವರು ಸ್ಟಿಯರಿಂಗ್ ಹಿಡಿಯಬಾರದು, ಒಂದು ಲೋಟವಾದರೂ ಸರಿ. ಕಾನೂನಿನಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೆ ದಂಡಕ್ಕಿಂತ ನಮ್ಮ ರಸ್ತೆಯನ್ನು ನೆನೆದು ಹೆದರಬೇಕು. ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ಇಳಿಯುವಾಗ ತಿರುವಿನ ಮೇಲೆ ತಿರುವು. ರಾತ್ರಿ ಮಂಜು ಇಳಿದರೆ ಬಿಳಿ ಗೆರೆಯೂ ಕಾಣುವುದಿಲ್ಲ. ತೋಟದೊಳಗಿನ ರಸ್ತೆಗೆ ತಿರುಗಿದ ಮೇಲೆ ಆನೆಯ ಭಯ ಬೇರೆ. ಕತ್ತಲಲ್ಲಿ ಆನೆ ರಸ್ತೆಯ ಬದಿಗೆ ನಿಂತಿದ್ದರೆ ಹತ್ತಿರ ಹೋಗುವವರೆಗೂ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಹಾರ್ನ್ ಹಾಕದೆ, ದೀಪ ತಗ್ಗಿಸಿ, ಮೆಲ್ಲನೆ ಹಿಂದಕ್ಕೆ ತೆಗೆಯುವಷ್ಟು ತಲೆ ಸ್ವಚ್ಛವಾಗಿರಬೇಕು.

ನಮ್ಮದು ರಾತ್ರಿ ಮೊಬೈಲ್ ಒತ್ತಿದ ಕೂಡಲೇ ಗಾಡಿ ಬರುವ ಊರಲ್ಲ. ಸಂಜೆ ಬರುವಾಗಲೇ ಒಬ್ಬ ಚಾಲಕನನ್ನು ಮಾತಾಡಿಕೊಂಡು, ಕಾಯುವ ಹಣವನ್ನೂ ನಿಶ್ಚಯಿಸಿ, ಅವನಿಗೂ ಕೆಳಗಿನ ಕೋಣೆಯಲ್ಲಿ ಒಂದು ಊಟ ಹೇಳಿ. ಒಂಬತ್ತಕ್ಕೆ ಹೊರಟುಬಿಡಿ.

ಇನ್ನೊಂದು ಮಾತು. ದಸರಾ ಸಮಯದಲ್ಲಿ ಹೋಗುವವರು ದಿನಾಂಕ ನೋಡಿಕೊಳ್ಳಿ. 2025ರಲ್ಲಿ ವಿಜಯದಶಮಿಯೂ ಗಾಂಧಿ ಜಯಂತಿಯೂ ಅಕ್ಟೋಬರ್ 2ರಂದೇ ಬಂದವು, ಗಾಂಧಿ ಜಯಂತಿಯಂದು ಮದ್ಯ ಮಾರುವಂತಿಲ್ಲ. ದಶಮಂಟಪಗಳನ್ನು (ದಸರಾ ರಾತ್ರಿ ಮೆರವಣಿಗೆ ಹೊರಡುವ ಹತ್ತು ದೇವಾಲಯಗಳ ಮಂಟಪಗಳು) ನೋಡಲು ಬಂದ ಕೆಲವು ಹೊರಗಿನವರು ಅಂದು ಬಾರ್ ಏಕೆ ತೆರೆದಿಲ್ಲವೆಂದು ನನ್ನನ್ನೇ ಜಗಳಕ್ಕೆಳೆದರು. ಆ ರಾತ್ರಿ ಮಂಟಪಗಳ ಮೆರವಣಿಗೆ ಇರುವಾಗ ತಾರಸಿಯ ಅಗತ್ಯವಾದರೂ ಏನಿದೆ?

ಸುಂಟಿಕೊಪ್ಪದ ಮನೆಮಗಳು

ಹೋಗಿ ಬಂದೆವು. ಇಷ್ಟು ಜನ ಸಮಯ ಕೊಟ್ಟು ಬರೆದಿದ್ದೀರಿ, ನಡೆದದ್ದನ್ನು ಹೇಳುವುದು ನನ್ನ ಕರ್ತವ್ಯ.

ಗುರುವಾರ ಸಂಜೆ ಐದೂವರೆಗೆ ತಲುಪಿದೆವು. ಮೊದಲೇ ಫೋನ್ ಮಾಡಿ ಅಮ್ಮನ ಮಂಡಿಯ ವಿಷಯ ಹೇಳಿದ್ದರಿಂದ ಕೆಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೇಜು ಇಟ್ಟಿದ್ದರು. ದೊಡ್ಡಪ್ಪ ಬೇರೆ ಬಾಗಿಲು ಇದೆಯೆಂದು ಕೇಳಿಯೇ ಬಂದಿದ್ದರು. ಬಾಗಿಲಲ್ಲಿ ನಿಂತು ಒಳಗಿನ ಕುಟುಂಬಗಳನ್ನು ಒಮ್ಮೆ ನೋಡಿ, ಏನೂ ಹೇಳದೆ ಕುಳಿತರು. ನಾವು ಮೂವರು ಮೇಲೆ ಹೋದೆವು. ಸೂರ್ಯ ಮುಳುಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಹತ್ತು ನಿಮಿಷವಾಗುವಷ್ಟರಲ್ಲಿ ಮೆಟ್ಟಿಲ ಬಳಿ ದೊಡ್ಡಪ್ಪ ಕಾಣಿಸಿದರು. ನೋಡಿಕೊಂಡು ಬನ್ನಿ ಎಂದು ಅಮ್ಮನೇ ಅವರನ್ನು ಕಳಿಸಿದ್ದಳಂತೆ. ಅವರು ಕುರ್ಚಿಯಲ್ಲಿ ಕೂರಲಿಲ್ಲ, ಕಟಕಟೆಯ ಪಕ್ಕದಲ್ಲಿ ನಿಂತು ಬೆಟ್ಟಗಳ ಹೆಸರನ್ನು ಒಂದೊಂದಾಗಿ ಚಿಕ್ಕಪ್ಪನ ಮಕ್ಕಳಿಗೆ ಹೇಳಿಕೊಟ್ಟರು. ಹದಿನೈದು ವರ್ಷ ಹೊರಗಿದ್ದ ಅವರಿಬ್ಬರಿಗೂ ಅದರಲ್ಲಿ ಒಂದು ಹೆಸರೂ ಗೊತ್ತಿರಲಿಲ್ಲ. ದೊಡ್ಡಪ್ಪ ಲೋಟ ಮುಟ್ಟಲಿಲ್ಲ, ನಾವು ತೆಗೆದುಕೊಂಡದ್ದಕ್ಕೆ ಬೇಸರವನ್ನೂ ತೋರಿಸಲಿಲ್ಲ.

ಚಳಿ ಬಹಳವಿತ್ತು. ಕುಡಿದ ಕೂಡಲೇ ಮೈ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಚರ್ಮದ ರಕ್ತನಾಳಗಳು ಹಿಗ್ಗಿ ಮೈಯ ಶಾಖ ಇನ್ನಷ್ಟು ಬೇಗ ಹೊರಗೆ ಹೋಗುತ್ತದೆ. ಹಿರಿಯರಿಗೆ ಅಲ್ಲಿ ಹೆಚ್ಚು ಹೊತ್ತು ಕೂರುವುದು ಒಳ್ಳೆಯದಲ್ಲವೆಂದು ಆರೂವರೆಗೆ ಎಲ್ಲರೂ ಕೆಳಗಿಳಿದೆವು. ಹಿಂಬದಿಯ ಕಬ್ಬಿಣದ ಮೆಟ್ಟಿಲನ್ನು ನೋಡಿದೆ, ಅಂದು ಅಲ್ಲಿ ಕ್ರೇಟುಗಳಿರಲಿಲ್ಲ.

ಮೂರ್ನಾಡಿನ ಅಕ್ಕನ ಮಾತಿನಂತೆ ಪಂದಿ ಕರಿ ಮನೆಯ ಹಾಗೆ ಬೇಕೆಂದು ಹೇಳಿದೆವು. ಬಡಿಸಿದ ಹುಡುಗ ಒಳಗೆ ಹೋಗಿ ಅಡುಗೆಯವರನ್ನೇ ಕರೆತಂದ. ಅವರು ಅಮ್ಮನ ಹತ್ತಿರ ನಿಂತು ನಮ್ಮ ಮನೆಯಲ್ಲಿ ಕಾಚಂಪುಳಿ ಎಷ್ಟು ಹಾಕುತ್ತೀರಿ ಎಂದು ವಿಚಾರಿಸಿದರು. ಅಮ್ಮ ಕಡಂಬುಟ್ಟು ಮೂರು ತಿಂದಳು, ಅಪ್ಪ ತೀರಿಕೊಂಡ ಮೇಲೆ ಅವಳು ಹೊರಗೆ ಇಷ್ಟು ಸಾವಕಾಶವಾಗಿ ಕುಳಿತು ಉಂಡದ್ದನ್ನು ನಾನು ನೋಡಿರಲಿಲ್ಲ. ಅಕ್ಕಿ ಒಟ್ಟಿ ಮಾತ್ರ ಆರಿದ್ದಿತು. ಹೇಳಿದ್ದಕ್ಕೆ ಬದಲಾಯಿಸಿ ಕೊಟ್ಟರು.

ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಇರಲಿಲ್ಲ. ಹುಡುಗನ ಕೈಗೆ ಕೊಟ್ಟೆವು. ಹೊರಡುವಾಗ ಎದುರಿನ ಮನೆಯ ಹಿರಿಯರ ವಿಷಯವನ್ನು ಗಲ್ಲಾಪೆಟ್ಟಿಗೆಯ ಬಳಿ ಕುಳಿತಿದ್ದ ಯುವಕನಿಗೆ ಹೇಳಿ, ಧ್ವನಿವರ್ಧಕದ ಪೆಟ್ಟಿಗೆಗಳನ್ನು ಒಳಗೋಡೆಯ ಕಡೆಗೆ ತಿರುಗಿಸಲು ಸಾಧ್ಯವೇ ಎಂದು ಕೇಳಿದೆ. ಅವನು ಮೊದಲು ಮುಖ ಬಿಗಿದುಕೊಂಡ. ಆಮೇಲೆ ಆ ಅಜ್ಜಿ ತನಗೆ ಒಂದನೆಯ ತರಗತಿಯಲ್ಲಿ ಪಾಠ ಹೇಳಿದವರೆಂದ. ನೋಡುತ್ತೇನೆ ಎಂದಷ್ಟೇ ಹೇಳಿದ. ಒಂಬತ್ತಕ್ಕೆ ಜೀಪು ಹತ್ತಿದೆವು, ಸುಂಟಿಕೊಪ್ಪದವರೆಗೂ ಮಂಜು ಇರಲಿಲ್ಲ.

ಅದೇ ಬೀದಿಯ ನಿವಾಸಿ

ತಂಗಿ, ಅತ್ತೆಯವರಿಗೆ ಇದನ್ನು ಓದಿ ಹೇಳಿದೆ. ಆ ಹುಡುಗನ ಹೆಸರು ಅವರಿಗೆ ನೆನಪಿದೆ, ಮಗ್ಗಿ ಹೇಳಲು ಬರುತ್ತಿರಲಿಲ್ಲವಂತೆ. ಶುಕ್ರವಾರ ಬೆಳಿಗ್ಗೆ ಒಬ್ಬರು ಏಣಿ ಇಟ್ಟುಕೊಂಡು ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದುದು ಕಿಟಕಿಯಿಂದ ಕಾಣಿಸಿತು. ಶನಿವಾರದ ರಾತ್ರಿ ಹೇಗಿರುತ್ತದೆಂದು ನೋಡಿ ಇಲ್ಲಿಯೇ ಬರೆಯುತ್ತೇನೆ.